ಮುಚ್ಚಳವಿಲ್ಲದ ಮನೆ

ಕೂಡ್ಲಿಗಿಯಲ್ಲಿ ಎಲ್ಲಕ್ಕಿಂತ ದಪ್ಪನೆಯ ಬೆಕ್ಕು ಯಾರ ಮನೆಯಲ್ಲಿದೆ ಎಂದು ಯಾರನ್ನಾದರೂ ಕೇಳಿ ನೋಡಿ, ನಮ್ಮಕ್ಕನ ಮನೆಗೆ ದಾರಿ ತೋರಿಸುತ್ತಾರೆ. ಅದು ಅಕ್ಕ ಸಾಕಿದ ಬೆಕ್ಕಲ್ಲ, ತಾನಾಗಿ ಬಂದು ಸೇರಿಕೊಂಡದ್ದು. ಯಾಕೆ ಸೇರುವುದಿಲ್ಲ ಹೇಳಿ? ಆ ಮನೆಯಲ್ಲಿ ಒಂದೇ ಒಂದು ಮುಚ್ಚಳವೂ ಇಲ್ಲ! ಹಾಲಿನ ಪಾತ್ರೆಗಿಲ್ಲ, ಸಾರಿನ ಗಡಿಗೆಗಿಲ್ಲ, ಉಪ್ಪಿನಕಾಯಿ ಭರಣಿಗೂ ಇಲ್ಲ. ಒಮ್ಮೆ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹೊಸಪೇಟೆಯಿಂದ ಕುಕ್ಕರ್ ತಂದರು. ಬೇಳೆ ಬೇಗ ಬೇಯಲಿ ಎಂಬ ಆಸೆ, ಪಾಪ. ಅಕ್ಕ ಅದರ ಮುಚ್ಚಳ ತೆಗೆದು ಕರಿಬೇವಿನ ಗಿಡದ ಕೆಳಗೆ ಮಗುಚಿಟ್ಟು, ಗುಬ್ಬಿಗಳಿಗೆಂದು ನೀರು ಹಾಕಿದಳು.

"ಅದಕ್ಕ ತೂತು ಐತಲ್ಲ, ನೀರು ಸೋರ್ತೈತಿ," ಎಂದರು ಭಾವ.

"ಸೋರ್ಲಿ ಬಿಡ್ರಿ, ಗಿಡಕ್ಕ ಹೋಗ್ತೈತಿ," ಎಂದಳು ಅಕ್ಕ.

ಆ ಕುಕ್ಕರ್ ಇವತ್ತಿನವರೆಗೂ ಒಂದು ಸೀಟಿ ಹೊಡೆದಿಲ್ಲ.

ಬಾಗಿಲಿನದೂ ಇದೇ ಕಥೆ. ಅಕ್ಕ ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲು ಅರ್ಧ ತೆರೆದೇ ಇರಬೇಕು, ಕಾವಲಿಗೆ ಭಾವ ಕುರ್ಚಿ ಹಾಕಿಕೊಂಡು ಆಚೆ ಮುಖ ಮಾಡಿ ಪೇಪರ್ ಓದಬೇಕು. ಮದುವೆಯಾದಾಗಿನಿಂದ ಓದುತ್ತಿದ್ದಾರೆ. ದೇಶದ ಸುದ್ದಿ ಅವರಷ್ಟು ತಿಳಿದವರು ನಮ್ಮ ಓಣಿಯಲ್ಲಿ ಇನ್ನೊಬ್ಬರಿಲ್ಲ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಕ್ಕನ ಮನೆಯ ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದೇನೆ. ಈ ಮುಚ್ಚಳದ ಕಥೆಯಲ್ಲಿ ನನ್ನದೊಂದು ತಪ್ಪಿದೆ, ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ. ಆದರೆ ತಪ್ಪು ಮಾಡಿದವನು ನೇರವಾಗಿ ಮಾತಿಗೆ ಬಂದದ್ದನ್ನು ಎಲ್ಲಾದರೂ ಕಂಡಿದ್ದೀರಾ? ಮೊದಲು ಅಕ್ಕನ ಗುಂಯ್‌ಗುಟ್ಟುವಿಕೆಯ ವಿಷಯ ಹೇಳುತ್ತೇನೆ.

ಅಕ್ಕ ಅಂಗನವಾಡಿ ಟೀಚರ್. ಹೋದ ವರ್ಷ ಒಂದು ತರಬೇತಿಗೆ ಹೋಗಿದ್ದಳು. ಅಲ್ಲಿಗೆ ಮನಸ್ಸಿನ ಆರೋಗ್ಯದ ಬಗ್ಗೆ ಹೇಳಲು ಬಂದ ಮೇಡಂ ಒಬ್ಬರು ಇವಳು ಬಾಗಿಲ ಪಕ್ಕವೇ ಕೂರುವುದನ್ನು ನೋಡಿ, ಬಿಡುವಿನಲ್ಲಿ ಕರೆದು ಮಾತಾಡಿಸಿದರಂತೆ. ಆಮೇಲೂ ತಿಂಗಳಿಗೊಮ್ಮೆ ಇವಳು ಅವರನ್ನು ಕಂಡುಬರುತ್ತಾಳೆ.

"ಹೆದರಿಕಿ ಬರೇ ತಲ್ಯಾಗ ಇರಂಗಿಲ್ಲಂತಲೇ ತಮ್ಮ," ಎಂದು ಬಂದು ಹೇಳಿದಳು. "ಸಣ್ಣಾಕಿದ್ದಾಗ ಹೆದರಿದ್ದು ಮೈಯಾಗ ಹಂಗs ಕುಂತಿರ್ತೈತಂತ. ಬಾಯಿಮಾತಿಲೆ ಹೇಳಿದ್ರ ಏಳಂಗಿಲ್ಲಂತ. ಮೈಯಿಂದs ಎಬ್ಬಿಸಿ ಕಳಿಸ್ಬೇಕಂತ."

"ಬಾಡಿಗಿ ಕೊಡದ ಮಂದಿ ಇದ್ದಂಗ ಅನ್ನು," ಎಂದೆ ನಾನು.

ಎಬ್ಬಿಸುವ ಕೆಲಸ ಮರುದಿನವೇ ಶುರುವಾಯಿತು. ಬೆಳಿಗ್ಗೆ ಎದ್ದು ಅಂಗಳದಲ್ಲಿ ನಿಂತು ಅಡಿಯಿಂದ ಮುಡಿಯವರೆಗೆ ಗಡಗಡ ಮೈ ನಡುಗಿಸುವುದು. ಆಮೇಲೆ ತುಟಿ ಮುಚ್ಚಿ ಎದೆಯೊಳಗಿಂದ ಗುಂಯ್ ಎನ್ನುವುದು. (ಅವಳು ಮುಚ್ಚುವುದು ತುಟಿಯೊಂದನ್ನೇ!) ಕಡೆಗೆ ಎರಡೂ ಅಂಗೈ ಊರಿ ಗೋಡೆಯನ್ನು ಇದ್ದಬದ್ದ ಶಕ್ತಿಯಿಂದ ನೂಕುವುದು.

ಆ ಗೋಡೆ ಪಕ್ಕದ ಮನೆಯ ಬಸಮ್ಮನಿಗೂ ಸೇರಿದ್ದು. ಮೊದಲ ದಿನವೇ ಆಕೆಯ ಮೊಳೆಯಿಂದ ಕ್ಯಾಲೆಂಡರ್ ಬಿತ್ತು. ಜಗಳಕ್ಕೆಂದು ಬಂದವಳು, ಅಂಗಳದಲ್ಲಿ ಅಕ್ಕ ಕೂದಲು ಬಿಟ್ಟು ನಡುಗುವುದನ್ನು ನೋಡಿದಳು. ಹಾಗೇ ಹಿಂದಿರುಗಿ ಹೋಗಿ ಅರಿಶಿನ, ಕುಂಕುಮ, ತೆಂಗಿನಕಾಯಿ ಹಿಡಿದು ಬಂದಳು.

"ಯವ್ವಾ ತಾಯಿ, ನನ್ನ ಮಗಳ ಮದಿವಿ ಯಾವಾಗ ಆಕ್ಕೈತಿ ಹೇಳವ್ವಾ!"

ಅಕ್ಕ ನಡುಗುವುದನ್ನು ನಿಲ್ಲಿಸದೆಯೇ, "ಮೊ-ಮೊದ್ಲು ಆಕೀ ಡಿ-ಡಿಗ್ರಿ ಮುಗೀಲಿ!" ಎಂದಳು.

ದೇವರ ಮಾತು ಮೀರಲಾದೀತೇ? ಗೊತ್ತಾಗಿದ್ದ ಸಂಬಂಧವನ್ನೇ ಮುಂದಕ್ಕೆ ಹಾಕಿದರು. ಆ ಹುಡುಗಿ ಈಗ ಬಿ.ಕಾಂ. ಕಡೇ ವರ್ಷದಲ್ಲಿದ್ದಾಳೆ. ಅಕ್ಕನನ್ನು ಕಂಡರೆ ಅವಳೊಬ್ಬಳೇ ನಿಜವಾದ ಭಕ್ತಿಯಿಂದ ಕೈ ಮುಗಿಯುತ್ತಾಳೆ.

ಗುಂಯ್‌ಗುಟ್ಟುವುದು ಬಸ್ಸಿನಲ್ಲೂ ನಡೆಯುತ್ತದೆ. ಒಮ್ಮೆ ಅಕ್ಕ, ನಾನು ಇಬ್ಬರೂ ಹರಪನಹಳ್ಳಿಗೆ ಹೊರಟಿದ್ದೆವು. ಕೊಟ್ಟೂರಿನಲ್ಲಿ ಜನ ನುಗ್ಗಿ, ಅಕ್ಕನ ಬಾಗಿಲ ಪಕ್ಕದ ಸೀಟಿನ ಮುಂದೆ ಗೋಡೆಯಂತೆ ನಿಂತರು. ಅಕ್ಕ ತುಟಿ ಮುಚ್ಚಿ ಶುರು ಮಾಡಿದಳು. ಸ್ವಲ್ಪ ದೂರ ಹೋಗಿ ಡ್ರೈವರ್ ಬಸ್ ನಿಲ್ಲಿಸಿದ.

"ಗೇರ್‌ಬಾಕ್ಸ್ ಸದ್ದು ಮಾಡಕತ್ತೈತಿ ನೋಡಪ."

ಕಂಡಕ್ಟರ್ ಇಳಿದು ಬಸ್ಸಿನಡಿ ಬಗ್ಗಿ ನೋಡಿದ. ಬಸ್ ನಿಂತು ಬಾಗಿಲು ತೆರೆದಿದ್ದರಿಂದ ಗಾಳಿ ಆಡಿ ಅಕ್ಕನಿಗೆ ಸಮಾಧಾನವಾಗಿತ್ತು, ಅವಳೂ ನಿಲ್ಲಿಸಿದ್ದಳು. ಬಸ್ ಹೊರಟಿತು, ಸದ್ದೂ ಹೊರಟಿತು. ಮತ್ತೆ ನಿಲ್ಲಿಸಿದರು. "ನಿಂತ್ರ ನಿಲ್ತೈತಿ, ಹೊಂಟ್ರ ಹೊಂಡ್ತೈತಿ, ಇದು ಗೇರ್‌ಬಾಕ್ಸs!" ಎಂದು ತೀರ್ಪಾಯಿತು. ಎಲ್ಲರನ್ನೂ ಕೆಳಗಿಳಿಸಿದರು. ಬಿಸಿಲಲ್ಲಿ ಬೇರೆ ಬಸ್ಸಿಗೆ ಕಾಯುತ್ತಾ ಅಕ್ಕ ನನ್ನ ಕಿವಿಯಲ್ಲಿ, "ಹೊಲದ ಗಾಳಿ ಎಷ್ಟು ಚೊಲೋ ಐತಲ್ಲ," ಎಂದಳು. ನಾನು ಬೇರೆ ಕಡೆ ನೋಡಿದೆ.

ಆ ಬಸ್ಸಿನಲ್ಲಿ ಉದ್ದಕ್ಕೂ ಅವಳು ನನ್ನ ಕೈ ಹಿಡಿದಿದ್ದಳು. ಅದೂ ಮೇಡಂ ಹೇಳಿಕೊಟ್ಟದ್ದೇ. ಹೆದರಿಕೆಯಾದಾಗ, ಯಾರ ಹತ್ತಿರ ಇದ್ದರೆ ಜೀವಕ್ಕೆ ಭಯವಿಲ್ಲವೋ ಅವರ ಕೈ ಹಿಡಿಯಬೇಕಂತೆ. ಅಕ್ಕ ನನ್ನ ಕೈ ಹಿಡಿಯುತ್ತಾಳೆ. ಇನ್ನು ನಾನು ಸುತ್ತಿ ಬಳಸುವಂತಿಲ್ಲ.

ನಾವು ಹುಟ್ಟಿದ್ದು ನೀಲಗುಂದದ ಕಡೆಯ ಹಳ್ಳಿಯಲ್ಲಿ. ಮನೆ ಮುಂದೆ ಹಗೇವು ಇತ್ತು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಂದು ದಿನ ಜೋಳ ತೆಗೆದು ಗಾಳಿಯಾಡಲೆಂದು ಬಾಯಿ ತೆರೆದಿಟ್ಟಿದ್ದರು, ಇಳಿಯುವ ಹಗ್ಗ ಹಾಗೇ ತೂಗುತ್ತಿತ್ತು. ಅಕ್ಕನಿಗೆ ಹನ್ನೊಂದು, ನನಗೆ ಒಂಬತ್ತು. ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಯಾವಾಗಲೂ ಗೆಲ್ಲುತ್ತಿದ್ದವಳು ಅವಳೇ. ಅವಳು ಹಗ್ಗ ಹಿಡಿದು ಒಳಗೆ ಇಳಿದದ್ದನ್ನು ಬೆರಳ ಸಂದಿನಿಂದ ಕದ್ದು ನೋಡಿದೆ. ಇವತ್ತಾದರೂ ಸೋಲಲಿ ಎಂದು ಹಗ್ಗ ಮೇಲಕ್ಕೆಳೆದೆ. ನೆಲಕ್ಕೆ ಕೂತು, ಎರಡೂ ಕಾಲು ಕೊಟ್ಟು ನೂಕಿ ನೂಕಿ, ಚಪ್ಪಡಿ ಕಲ್ಲನ್ನು ಅದರ ಬಾಯಿಗೆ ಮುಚ್ಚಿದೆ.

ಅಷ್ಟರಲ್ಲಿ ಬೀದಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ ಕೇಳಿತು. ಓಡಿದೆ. ಕ್ಯಾಂಡಿ ಚೀಪಿದೆ, ಗೋಲಿ ಆಡಿದೆ, ಮರೆತೆ.

ಹೊತ್ತು ಇಳಿದ ಮೇಲೆ ಅವ್ವ "ನಿಮ್ಮಕ್ಕ ಎಲ್ಲಿ?" ಎಂದಾಗಲೇ ನೆನಪಾದದ್ದು. "ಹಗೇವಿನ್ಯಾಗ ಹುಡುಕ್ರಿ!" ಎಂದು ಅರಚಿದೆ. ಅಪ್ಪ ಎತ್ತಿ ತಂದಾಗ ಅಕ್ಕನಿಗೆ ದನಿಯೇ ಇರಲಿಲ್ಲ. ಜೋಳ ತೆಗೆದವರು ನೋಡದೆ ಮುಚ್ಚಿ ಹೋದರೆಂದು ಎಲ್ಲರೂ ತೀರ್ಮಾನಿಸಿದರು. ಸುಳಿವು ಕೊಟ್ಟ ನಾನು ಊರಿನ ವೀರನಾದೆ! ಅಪ್ಪ ಹೊಸ ಅಂಗಿ ಹೊಲಿಸಿದರು. ಅಂದಿನಿಂದ ಪ್ರತಿ ಪಂಚಮಿಗೂ ಅಕ್ಕ ಕಟ್ಟುವ ಮೊದಲ ಉಂಡೆ ನನಗೇ, "ಜೀವ ಉಳಿಸಿದಾವ" ಎಂದು. ಅವು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಇಳಿದಿವೆ. ನನ್ನ ಹೊಟ್ಟೆ ನೋಡಿದರೆ ಗೊತ್ತಾಗುತ್ತದೆ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಒಂದು ಮಧ್ಯಾಹ್ನ ಅಕ್ಕ ಜೋಳದ ಬುಟ್ಟಿ ಹೊತ್ತು ಗಿರಣಿಗೆ ಬಂದವಳು ಬಾಂಬು ಹಾಕಿದಳು. ಬರುವ ಸೋಮವಾರ ಹಗರಿಬೊಮ್ಮನಹಳ್ಳಿಯಲ್ಲಿ ಅಂಗನವಾಡಿಯವರ ಸಭೆ. ಅಲ್ಲಿ ಅಕ್ಕ ತನ್ನ ಕಥೆ ಹೇಳಬೇಕು. ಅವಳನ್ನು ಉಳಿಸಿದ ತಮ್ಮನಿಗೆ ವೇದಿಕೆಯ ಮೇಲೆ ಶಾಲು ಹೊದಿಸಬೇಕೆಂದು ಮೇಡಂ ಹೇಳಿದ್ದಾರೆ!

"ಬಿಳೇ ಅಂಗಿ ಹಾಕ್ಕೊಂಡು ಬಾ. ಹಿಟ್ಟು ಕೊಡವಿ ಬಾ," ಎಂದು ಗಿರಣಿಯ ಸದ್ದಿನ ಮೇಲೆ ಕೂಗಿದಳು.

ಹೇಳಲೇಬೇಕು, ಆದರೆ ಅವಳಿಗೆ ಕೇಳಿಸಬಾರದು! ಇಂಥ ಕೆಲಸಕ್ಕೆ ಓಡುತ್ತಿರುವ ಗಿರಣಿಗಿಂತ ಒಳ್ಳೆಯ ಜಾಗ ಯಾವುದಿದೆ? ಜೋಳ ಸುರಿಯುತ್ತಾ, ಕಲ್ಲುಗಳ ಕಡೆ ಮುಖ ಮಾಡಿ ಸಣ್ಣ ದನಿಯಲ್ಲಿ ಶುರು ಮಾಡಿದೆ. ಹಗ್ಗ ಎಳೆದದ್ದು, ಐಸ್‌ಕ್ಯಾಂಡಿ, ಹೊಸ ಅಂಗಿ, ಎಲ್ಲ ಹೇಳಿದೆ. ಎದೆ ಹಗುರಾಗತೊಡಗಿತು. ಧೈರ್ಯ ಬಂತು, ದನಿ ಏರಿತು. ಅದೇ ಗಳಿಗೆಗೆ ಕರೆಂಟು ಹೋಗಬೇಕೇ! ಕಲ್ಲುಗಳು ಗರಗರ ಎಂದು ನಿಂತವು. ಆ ಮೌನದಲ್ಲಿ ನನ್ನ ಕಡೆಯ ಮಾತು ಓಣಿಗೆಲ್ಲ ಕೇಳಿಸಿತು:

"ಹಗೇವು ಮುಚ್ಚಿದ್ದು ನಾನs ಯಕ್ಕಾ!"

ಅಕ್ಕ ಮೆಲ್ಲಗೆ ಕುತ್ತಿಗೆ ತಿರುಗಿಸಿ ತೆರೆದ ಬಾಗಿಲು ನೋಡಿದಳು, ತಕ್ಕಡಿ ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ಅರ್ಧ ಬೀಸಿದ ಜೋಳವನ್ನು ಅಲ್ಲೇ ಬಿಟ್ಟು ಹೋದಳು.

ಮೂರು ದಿನ ಆ ಮನೆಯಿಂದ ಗುಂಯ್ ಇಲ್ಲ, ನಡುಕವಿಲ್ಲ. ಬಸಮ್ಮನೇ ಗಿರಣಿಗೆ ಬಂದು ಕೇಳಿದಳು: "ನಿಮ್ಮಕ್ಕಗ ಆರಾಮಿಲ್ಲೇನಪ? ಮೂರು ದಿನ ಆತು, ನನ್ನ ಕ್ಯಾಲೆಂಡರ್ ಬಿದ್ದಿಲ್ಲ."

ನಾಲ್ಕನೇ ದಿನ ಬೆಳಿಗ್ಗೆ ಅಕ್ಕ ಬಂದಳು. ನಾನಾಗಲೇ ಇಬ್ಬರು ಗಿರಾಕಿಗಳ ಜೋಳ ಬೀಸಿ, ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದೆ.

"ನಿಂದ್ರು," ಎಂದಳು.

ನಿಂತೆ.

"ನಾ ನೂಕ್ತೀನಿ. ಹಿಂದ ಸರೀಬ್ಯಾಡ."

ಎರಡೂ ಅಂಗೈಗಳನ್ನು ನನ್ನ ಎದೆಗೆ ಊರಿ ನೂಕಿದಳು. ಐವತ್ತರ ಹತ್ತಿರ ಬಂದ ಹೆಂಗಸಿಗೆ ಅಷ್ಟು ಬಲ ಎಲ್ಲಿಂದ ಬಂತೋ! ನಾನು ಕಾಲು ಅಗಲಿಸಿ ನಿಂತೆ. ಅವಳ ತೋಳು ನಡುಗಿದವು, ಹಣೆ ಬೆವರಿತು, ಕಣ್ಣಲ್ಲಿ ನೀರು ಸುರಿಯಿತು.

"ಅವತ್ತು ನನಗ ಕಲ್ಲು ಎಟುಕಲಿಲ್ಲಲೇ," ಎಂದಳು, ನೂಕುತ್ತಲೇ. "ಎಷ್ಟು ಜಿಗಿದ್ರೂ ಕೈ ಎಟುಕಲಿಲ್ಲ."

"ಈಗ ಎಟುಕೈತಿ. ನೂಕಕ್ಕ," ಎಂದೆ.

ಎಷ್ಟು ಹೊತ್ತು ನೂಕಿದಳೋ ಗೊತ್ತಿಲ್ಲ. ಕೈ ಇಳಿಸಿದಾಗ ಅವಳ ಎದೆಯಿಂದ ದೊಡ್ಡ ಉಸಿರೊಂದು ಹೊರಬಂತು. ಸೆರಗಿನಿಂದ ಮುಖ ಒರೆಸಿಕೊಂಡು, "ಸೋಮವಾರ ನೀನೂ ಬಾ. ಇದ್ದದ್ದು ಇದ್ದಂಗ ಹೇಳಾಕಿ ನಾನು. ಶಾಲು ಮಾತ್ರ ಇಲ್ಲ ನಿನಗ," ಎಂದು, ಉಳಿದ ಜೋಳ ಬೀಸಿಸಿಕೊಂಡು ಹೋದಳು.

ಈಗ ದಿನಾ ಬೆಳಿಗ್ಗೆ ಬರುತ್ತಾಳೆ. ಬಸಮ್ಮನ ಕ್ಯಾಲೆಂಡರ್ ಗಟ್ಟಿಯಾಗಿ ನಿಂತಿದೆ. ಮುಚ್ಚಳಗಳಿನ್ನೂ ಬಂದಿಲ್ಲ, ಬೆಕ್ಕಿಗೇನೂ ಚಿಂತೆಯಿಲ್ಲ.

ಆ ಮೊದಲ ದಿನ ಅಕ್ಕ ಹೋದ ಮೇಲೆ ನನ್ನ ಹೆಂಡತಿ ಚಹಾ ತಂದಳು. ಹಿಟ್ಟು ಮೆತ್ತಿದ ನನ್ನ ಅಂಗಿಯ ಎದೆಯ ಮೇಲೆ ಎರಡು ಅಂಗೈಗಳು ಅಚ್ಚೊತ್ತಿದಂತೆ ಮೂಡಿದ್ದವು, ಬೆರಳು ಬೆರಳೂ ಎಣಿಸುವ ಹಾಗೆ. "ಇದೇನ್ರಿ ಇದು," ಎಂದು ಅವಳು ಕೊಡವಲು ಕೈ ಚಾಚಿದಳು.

"ಇರಲಿ ಬಿಡು," ಎಂದೆ.