ಕಳೆದ ಗುರುವಾರದ ಹನ್ನೊಂದು ಗಂಟೆಯನ್ನು ಹಿಂದಿರುಗಿಸುವ ಕುರಿತು

ನನ್ನ ಮೇಜಿನ ಕಂಪ್ಯೂಟರಿನಲ್ಲಿ ವಾಸವಾಗಿರುವ ಮಾನ್ಯ ಕ್ಯಾಲೆಂಡರ್ ತಂತ್ರಾಂಶದವರೇ,

ತಾವು ಕ್ಷೇಮವೆಂದೂ ತಮ್ಮ ಚೌಕಗಳೆಲ್ಲ ನೆಟ್ಟಗಿವೆಯೆಂದೂ ಭಾವಿಸಿ, ಗ್ರಂಥಾಲಯದ ಪುಸ್ತಕಪಟ್ಟಿ ವಿಭಾಗದ ನಾನು ಮಾಡುವ ವಂದನೆಗಳು.

ನಮ್ಮ ಪರಿಚಯವಾದ ಬಗೆಯನ್ನು ತಮಗೇ ನೆನಪಿಸುವುದು ಉದ್ಧಟತನವಾದರೂ, ನೆನಪಿಸುವ ಕೆಲಸ ಈಚೆಗೆ ನನ್ನ ಪಾಲಿಗೇ ಬಂದಿರುವುದರಿಂದ ಹೇಳುತ್ತೇನೆ. ತಮಗಿಂತ ಮೊದಲು ಈ ಪರದೆಯ ಮೇಲೆ ಕೆಲವು ವಿಜೆಟ್‌ಗಳಿದ್ದವು: ಮುಳ್ಳಿನ ಗಡಿಯಾರ, ದಿನಕ್ಕಿಷ್ಟು ತುಂಬುವ ಚಂದ್ರ, ಬೆಳಿಗ್ಗೆಗೊಂದು ಕವಿತೆಯ ಸಾಲು. ಅವು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಆದರೂ ಅವನ್ನು ನೋಡಿದ ಮೇಲೆಯೇ ನಾನು ಹೆಗಲ ಚೀಲ ಕೆಳಗಿಡುತ್ತಿದ್ದೆ. ಅಕ್ಕನಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಎಂದಾದಾಗ, ಮರೆವಿನ ನನಗೆ ತಮ್ಮಂಥವರ ಆಸರೆ ಬೇಕೆನಿಸಿತು. ಈ ಮುದಿ ಯಂತ್ರ ಇಬ್ಬರನ್ನೂ ಹೊರಲಾರದು, ಒಬ್ಬರನ್ನು ಆರಿಸಿಕೊಳ್ಳಿ ಎಂದರು ರಿಪೇರಿಯವರು. ನಾನು ಚಂದ್ರನನ್ನು ಅಳಿಸಿ ತಮ್ಮನ್ನು ಬರಮಾಡಿಕೊಂಡೆ.

ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಬೀರುಗಳಿಗೆ ಗೆದ್ದಲಿನ ಔಷಧಿ ಹೊಡೆಸುವ ದಿನವನ್ನು ಮೂರು ಸಲ ಸಾರಿದಿರಿ. ಮೇಲಧಿಕಾರಿಗಳು ರಜೆಯಲ್ಲಿದ್ದ ವಾರವೂ ಅವರೊಡನೆ ನನಗೆ ಸಭೆಯಿದೆಯೆಂದು ಗಂಟೆ ಬಾರಿಸಿದಿರಿ. ಗುರುವಾರ ಹನ್ನೊಂದಕ್ಕೆ ಸರಿಯಾಗಿ, ಕೀಲಿಮಣೆ ಒರೆಸಬೇಕೆಂದು ತಿಳಿಸಿದಿರಿ, ನಾನೂ ಒರೆಸಿದೆ. ಅದೇ ಹೊತ್ತಿಗೆ ಎರಡು ಬೀದಿ ಆಚೆಯ ಆಸ್ಪತ್ರೆಯಲ್ಲಿ ಅಕ್ಕನ ಕಣ್ಣಿನ ಪಟ್ಟಿ ಬಿಚ್ಚುತ್ತಿದ್ದರು. ಆ ಕಣ್ಣು ಮೊದಲು ಕಾಣುವುದು ನನ್ನ ಮುಖವನ್ನೇ ಎಂದು ನಾನು ಮಾತು ಕೊಟ್ಟಿದ್ದೆ.

ತಪ್ಪು ತಮ್ಮದಲ್ಲವೆಂದು ತಾವು ದಾಖಲೆ ತೋರಿಸುವಿರಿ. ತೋರಿಸುವ ಮೊದಲೇ ಒಪ್ಪುತ್ತೇನೆ. ನಮ್ಮ ವಿಭಾಗದಲ್ಲಿ ಏನೇ ಬರಲಿ, ಅದನ್ನು ಬಂದ ದಿನಾಂಕದಡಿಯಲ್ಲಿ ಬರೆಯುವುದೇ ಪದ್ಧತಿ. ಇಪ್ಪತ್ತೆರಡು ವರ್ಷ ಹಾಗೆ ಬರೆದ ಕೈ, ಅದಕ್ಕೆ ಮೊದಲಿನ ಸೋಮವಾರ, ಪಟ್ಟಿ ಬಿಚ್ಚುವ ದಿನ ತಿಳಿಸಲು ಅಕ್ಕನ ಫೋನು ಬಂದಾಗ, ಗುರುವಾರದ ಸಂಗತಿಯನ್ನು ಸೋಮವಾರದ ಚೌಕದೊಳಗೆ ಅಚ್ಚುಕಟ್ಟಾಗಿ ದಾಖಲಿಸಿ, ಕೆಳಗೆ ‘ಸ್ವೀಕರಿಸಲಾಗಿದೆ’ ಎಂದೂ ಸೇರಿಸಿತು. ತಾವು ಅದನ್ನು ಹಾಗೆಯೇ ಸ್ವೀಕರಿಸಿದಿರಿ.

ಗುರುವಾರ ಸಂಜೆ ನೆನಪಾಗಿ ಓಡಿಹೋದಾಗ ಅಕ್ಕ ಸಿಟ್ಟಾಗಲಿಲ್ಲ. “ಪಟ್ಟಿ ಬಿಚ್ಚಿದ್ಮೇಲೂ ಕಾಲು ಗಂಟೆ ಕಣ್ಣು ಮುಚ್ಕೊಂಡೇ ಕೂತಿದ್ದೆ ಕಣೇ, ನೀನು ಬರ್ತೀಯ ಅಂತ. ಆಮೇಲೆ ನರ್ಸಮ್ಮ ಬೈದ್ರು, ಬಿಟ್ಟೆ” ಎಂದಳು, ಅಷ್ಟೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯೆಂದರೆ, ಆ ಕಾಲು ಗಂಟೆಯನ್ನು ದಯವಿಟ್ಟು ಮುಂಬರುವ ಯಾವುದಾದರೂ ದಿನದ ಚೌಕಕ್ಕೆ ಸಾಗಿಸಿಕೊಡಬೇಕು. ತಮ್ಮಲ್ಲಿ ಏನನ್ನಾದರೂ ಮೌಸಿನಿಂದ ಎಳೆದು ಬೇರೆ ದಿನಕ್ಕೆ ಇಡಬಹುದೆಂದು ತಮ್ಮ ಕೈಪಿಡಿಯ ನಾಲ್ಕನೆಯ ಪುಟವೇ ಹೇಳುತ್ತದೆ. ನಾನು ಎಳೆದು ನೋಡಿದೆ. ಹೆಸರು ಮಾತ್ರ ಸರಿಯಿತು.

ಇನ್ನೂ ಉಳಿದಿರುವಷ್ಟರ ಮಟ್ಟಿಗೆ ತಮ್ಮ ವಿಶ್ವಾಸಿ,
ಪುಸ್ತಕಪಟ್ಟಿಯವಳು

ವಿ.ಸೂ.: ಅಕ್ಕನ ಇನ್ನೊಂದು ಕಣ್ಣಿನ ಪಟ್ಟಿಯನ್ನು ಮುಂದಿನ ತಿಂಗಳು ಒಂಬತ್ತನೆಯ ತಾರೀಖು ಬಿಚ್ಚುತ್ತಾರೆ. ಅದನ್ನು ರದ್ದಾದ ಪುಸ್ತಕವೊಂದರ ಕಾರ್ಡಿನ ಬೆನ್ನಿಗೆ ದಪ್ಪಕ್ಷರದಲ್ಲಿ ಬರೆದು, ಪರದೆಯಲ್ಲಿ ತಾವಿರುವ ಜಾಗದ ಮೇಲೆಯೇ ಅಂಟಿಸಿದ್ದೇನೆ. ಹೀಗಾಗಿ ತಾವು ಸದ್ಯ ಕಾಣಿಸುತ್ತಿಲ್ಲ. ಮೂಲೆಯಲ್ಲಿ ಪೆನ್ಸಿಲಿನಿಂದ ಒಬ್ಬ ಚಂದ್ರನೂ ಇದ್ದಾನೆ. ಅವನು ತುಂಬುವುದಿಲ್ಲ, ಆದರೆ ಯಂತ್ರಕ್ಕೆ ಭಾರವೂ ಅಲ್ಲ.