ಒಡೆದರೆ ಒಪ್ಪಿದ ಹಾಗೆ

ಏಳನೇ ಕ್ಲಾಸಿನ ಪರೀಕ್ಷೆಯ ಸೋಮವಾರ ಶಾಲೆಯ ಗೇಟಿನಿಂದಲೇ ತಿರುಗಿ ಊರು ಬಿಟ್ಟವನು ನಾನು. ಆಮೇಲೆ ಹೆಚ್ಚು ದಿನ ನಿಂತ ಕೆಲಸ ಒಂದೂ ಇಲ್ಲ. ಹೋದಲ್ಲೆಲ್ಲ ಒಂದು ಅನ್ಯಾಯ ನನಗಾಗಿಯೇ ಕಾದು ಕೂತಿರುತ್ತದೆ. ಎಂಬತ್ತರ ದಶಕದಲ್ಲಿ ಬಿಜೈಯ ಒಂದು ಫಾರಿನ್ ಸಾಮಾನಿನ ಅಂಗಡಿಗೆ ಸೇರಿದೆ. ಅಲ್ಲಿ ಸಿಕ್ಕಿದ್ದು ವಿಡಿಯೋ ಗೇಮಿನ ಅನ್ಯಾಯ.

೧. ಮೂರು ಭಾನುವಾರ

ಪಡೀಲಿನ ಒಬ್ಬರು ಟೀಚರ್. ಗಂಡ ಬಹರೈನಿನಿಂದ ಮಕ್ಕಳಿಗೆ ಆಟದ ಕಂಪ್ಯೂಟರ್ ತಂದಿದ್ದರು. ಅದಕ್ಕೊಂದು ಗೇಮ್ ಕ್ಯಾಸೆಟ್ ಬೇಕಿತ್ತು. ಸೀಲಾದ ಪೆಟ್ಟಿಗೆಯ ಮೇಲಿನ ಇಂಗ್ಲಿಷನ್ನು ಅವರೇ ಓದಿ ಹೇಳಿದರು: ಸೀಲ್ ಒಡೆದರೆ ಒಳಗಿನ ಷರತ್ತುಗಳನ್ನೆಲ್ಲ ಒಪ್ಪಿದ ಹಾಗೆ.

“ಷರತ್ತು ಎಂತದ್ದು?”

“ಒಡೆದು ಓದಿ,” ಎಂದರು ಅಂಗಡಿಯ ದಣಿ.

“ಓದಿ ಇಷ್ಟ ಆಗದಿದ್ದರೆ?”

“ಒಡೆದದ್ದನ್ನು ನಾವು ವಾಪಸು ತಗೊಳ್ಳುವುದಿಲ್ಲ.”

“ನಮ್ಮ ಇಗರ್ಜಿಯಲ್ಲಿ ಮದುವೆಗೆ ಮೊದಲೇ ಮೂರು ಭಾನುವಾರ ಕೂಗಿ ಕೇಳ್ತಾರೆ, ಯಾರದ್ದಾದರೂ ಆಕ್ಷೇಪ ಉಂಟಾ ಅಂತ. ನಿಮ್ಮಲ್ಲಿ ಮಗು ಹುಟ್ಟಿದ ಮೇಲೆ ಕೇಳುವುದಾ?”

೨. ಹಾಳಾದದ್ದು ಯಾರದ್ದು?

ಮಕ್ಕಳ ಹಟಕ್ಕೆ ಟೀಚರ್ ಕೊಂಡೇ ಹೋದರು. ಮಾರನೇ ದಿನ ಮತ್ತೆ ಬಂದರು. ಕ್ಯಾಸೆಟ್ ಹಾಕಿದರೆ ಟೀವಿಯಲ್ಲಿ ಬರೀ ಗೆರೆ, ಬದಲಿಸಿ ಕೊಡಿ ಎಂದರು. ದಣಿ ಪೆಟ್ಟಿಗೆಯೊಳಗಿನ ಷರತ್ತಿನ ಕಾಗದ ಬಿಡಿಸಿದರು.

“ನೋಡಿ, ಗೇಮ್ ನಿಮಗೆ ಮಾರಿದ್ದೇ ಅಲ್ಲ. ಆಡಲಿಕ್ಕೆ ಬಿಟ್ಟದ್ದು ಮಾತ್ರ. ಅದು ಕಂಪೆನಿಯದ್ದೇ.”

“ಹಾಗಾದರೆ ಕಂಪೆನಿಯ ಗೇಮ್ ಹಾಳಾಗಿದೆ. ಅವರೇ ಸರಿ ಮಾಡಲಿ.”

“ಹಾಳಾದರೆ ಕಂಪೆನಿಗೆ ಸಂಬಂಧ ಇಲ್ಲ. ಅದೂ ಇದರಲ್ಲಿ ಉಂಟು.”

ನನ್ನ ಮೈ ಉರಿಯಿತು. ಇದಕ್ಕೆ ಕಾನೂನು ಅಂತ ಹೆಸರಾ? ಟಾರ್ಚಿನ ಬ್ಯಾಟರಿಗೆ ಬಂದಿದ್ದ ಬೆಂಗ್ರೆಯ ಮೀನುಗಾರರೊಬ್ಬರು ತಡೆಯಲಾರದೆ ಬಾಯಿ ಹಾಕಿದರು:

“ಮೀನು ಸಿಕ್ಕಿದರೆ ದೋಣಿ ನಂದು, ತೂತು ಬಿದ್ದರೆ ನಿಂದು ಅಂತ ನಮ್ಮಲ್ಲಿ ಯಾರಾದರೂ ಹೇಳಲಿ ಮಾರಾಯ್ರೆ, ಅವನನ್ನು ಅದೇ ದೋಣಿಯಲ್ಲಿ ಕೂರಿಸಿ ಕಡಲಿಗೆ ಬಿಡ್ತೇವೆ!”

೩. ಚೀಲ

ದಣಿ ಊಟಕ್ಕೆ ಹೋದದ್ದೇ ತಡ, ಟೀಚರಿಗೆ ಹೊಸ ಕ್ಯಾಸೆಟ್ ಕೊಟ್ಟು ಕಳಿಸಿದೆ. ಕೆಟ್ಟದ್ದನ್ನು ದಣಿಯ ಮೇಜಿನ ಮೇಲೆಯೇ ಇಟ್ಟೆ. ಊಟ ಮುಗಿಸಿ ಬಂದವರು ಅದನ್ನು ನೋಡಿ ಕೆಂಪಾದರು.

“ಯಾರನ್ನು ಕೇಳಿ ಕೊಟ್ಟದ್ದು?”

“ಟೀಚರನ್ನು. ಬೇಕು ಅಂದರು.”

“ಈಗಲೇ ಹೊರಡು ಇಲ್ಲಿಂದ!”

ನಾನು ಮಲಗುತ್ತಿದ್ದ ಹಿಂದಿನ ಕೋಣೆಗೆ ಹೋಗಿ ಅಂಗಿ, ಲುಂಗಿ, ಕನ್ನಡಿ ಎಲ್ಲ ಚೀಲಕ್ಕೆ ತುಂಬಿ ಜಿಪ್ ಎಳೆದೆ. ದಣಿ ಬಾಗಿಲಿಗೆ ಅಡ್ಡ ನಿಂತರು.

“ನಿಲ್ಲು. ಅಂಗಡಿಯದ್ದು ಇನ್ನೆಂತೆಲ್ಲ ಸೇರಿಸಿದ್ದಿ ಅಂತ ಬಿಚ್ಚಿ ನೋಡ್ಬೇಕು.”

“ಬಿಚ್ಚಿ ದಣಿ. ಆದರೆ ಬಿಚ್ಚಿದರೆ ಒಳಗಿನ ಷರತ್ತುಗಳನ್ನೆಲ್ಲ ಒಪ್ಪಿದ ಹಾಗೆ.”

ಜಿಪ್ಪಿಗೆ ಚಾಚಿದ ಕೈ ಅಲ್ಲಿಯೇ ನಿಂತಿತು.

“ಎಂತ ಷರತ್ತು?”

“ಒಳಗೆ ಉಂಟು.”

ದಣಿ ಚೀಲವನ್ನು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ಕೈ ಹಿಂದೆ ತೆಗೆದರು.