ಕಾಕಾನ ಸಕಿನಾಲು

ನಮ್ಮ ಕಾಕಾ ಹಾವಿಗೆ ಹೆದರಿದವರಲ್ಲ, ಪೊಲೀಸರಿಗೆ ಹೆದರಿದವರಲ್ಲ. ಅವರು ಹೆದರುವುದು ಜೋಳದ ಹಿಟ್ಟಿಗೆ ಮಾತ್ರ! ದಿನವೂ ಜೋಳದ ರೊಟ್ಟಿ ತಿನ್ನುವ ಸೇಡಂನಲ್ಲಿ ಇದೆಂಥ ರೋಗ ಅನ್ನುತ್ತೀರಾ? ಹೇಳುತ್ತೇನೆ ಕೇಳಿ.

ಕಾಕಾನ ಮಗಳನ್ನು ಗಡಿಯಾಚೆಯ ತಾಂಡೂರಿಗೆ ಕೊಟ್ಟಿದ್ದರು. ಮೊದಲ ಸಂಕ್ರಾಂತಿಗೆ ತವರಿನಿಂದ ಸಕಿನಾಲು ಹೋಗಬೇಕು. ಅಕ್ಕಿಹಿಟ್ಟಿಗೆ ಎಳ್ಳು, ಓಮ ಬೆರೆಸಿ, ಬೆರಳಲ್ಲೇ ಹೊಸೆಯುತ್ತ ಸುತ್ತುಸುತ್ತಾಗಿ ಬಟ್ಟೆಯ ಮೇಲೆ ಬಿಟ್ಟು ಕರಿಯುವ ತಿಂಡಿ ಅದು. ತೆಲುಗು ಸೀಮೆಯಿಂದ ಬಂದ ನಮ್ಮ ಕಾಕಿ ಅದರಲ್ಲಿ ನಿಸ್ಸೀಮರು. ಆದರೆ ದೀಪಾವಳಿ ಹೊತ್ತಿಗೆ ಲಕ್ವಾ ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿತ್ತು. ಮಂಚದ ಮೇಲೆ ಮಲಗಿ, "ಮುಂದಿನ ಸಂಕ್ರಾಂತಿ ನಾ ಎಲ್ಲಿ ನೋಡ್ತೀನಿ" ಎಂಬ ಒಂದೇ ಮಾತು. ಇತ್ತ ಬೀಗರ ಮನೆಯ ಅಜ್ಜಿ, ಜೋಳದ ಮಂದಿ ಸಕಿನಾಲು ಅಂಗಡಿಯಿಂದಲೇ ತಂದಾರು ಎಂದು ನಕ್ಕಳಂತೆ.

"ಅಂಗಡಿದು ಯಾಕ? ನಾ ಮಾಡ್ತೀನಿ!" ಎಂದರು ಕಾಕಾ. ಚಹಾ ಕಾಸಲು ಹೋಗಿ ಪಾತ್ರೆ ಸುಟ್ಟುಕೊಂಡ ಮನುಷ್ಯ!

ನೆನೆಸಿ ಬಸಿದ ಅಕ್ಕಿ ಹೊತ್ತು ಗಿರಣಿಗೆ ಹೋದರು. "ಜ್ವಾಳ ಬೀಸಿದ ಕಲ್ಲಿಗೆ ನನ್ನ ಅಕ್ಕಿ ಹಾಕಬ್ಯಾಡಪಾ. ಚಿಟಿಕಿ ಕೂಡಿದ್ರೂ ಸಕಿನಾಲು ಎಣ್ಣ್ಯಾಗ ಬಿಚ್ಚಿ ಹೋಗ್ತಾವ!"

"ಕಾಕಾ, ಸೇಡಂನಾಗ ಜ್ವಾಳ ಬಿಟ್ಟು ಮುತ್ತು ಬೀಸ್ತಾರೇನ್ರಿ?" ಎಂದ ಗಿರಣಿಯವನು.

ಯಾರಾದರೂ ಮೊದಲು ಅಕ್ಕಿ ಬೀಸಿಸಲಿ ಎಂದು ಕಾಕಾ ಸರದಿ ಬಿಟ್ಟುಕೊಡುತ್ತಲೇ ಕುಳಿತರು. ಬಂದವರೆಲ್ಲ ಜೋಳದವರೇ! ಕಡೆಗೆ ನಮ್ಮ ಮನೆಗೆ ಓಡಿಬಂದು, ರೇಷನ್ ಅಕ್ಕಿ ಒಯ್ದು, ಅದನ್ನು ಮೊದಲು ಹಾಕಿಸಿ ಗಿರಣಿಯ ಕಲ್ಲಿಗೆ ಸ್ನಾನ ಮಾಡಿಸಿದರು. ಆ ಜೋಳ-ಅಕ್ಕಿ ಬೆರಕೆ ಹಿಟ್ಟಿನ ರೊಟ್ಟಿ ನಾವು ವಾರವಿಡೀ ತಿಂದೆವು, ಬಿಡಿ.

ಮನೆಯಲ್ಲಿ ಕಾಕಾ ಹಿಟ್ಟಿಗೆ ಕುದಿನೀರು ಸುರಿಯಲು ಹೊರಟರು. ಕಾಕಿ ಮಂಚದಿಂದಲೇ ಕೂಗಿದರು: "ರೊಟ್ಟಿ ಬಡಿಲಿಕತ್ತೀರೇನ್ರಿ? ತಣ್ಣೀರು ಹಾಕ್ರಿ! ಬೆರಳು ಸಡಿಲ ಬಿಡ್ರಿ!" ಮೊದಲನೆಯದು ಚೇಳಿನಂತೆ ಬಂತು. ಅಳಿಸಿ ಮತ್ತೆ ಸುತ್ತಿದರು. ಕಾಕಿ ಬೈದಷ್ಟೂ ಸುತ್ತುಗಳು ದುಂಡಗಾಗುತ್ತ ಬಂದವು. ಸಂಜೆಗೆ ಬುಟ್ಟಿ ತುಂಬಿತು, ಒಂದೂ ಬಿಚ್ಚಿರಲಿಲ್ಲ!

ಹಬ್ಬದ ದಿನ ತಾಂಡೂರಿನಿಂದ ಫೋನು. ಅದೇ ಅಜ್ಜಿ! ಇಂಥ ಸಕಿನಾಲು ತಮ್ಮೂರಲ್ಲೂ ಯಾರಿಗೂ ಬರುವುದಿಲ್ಲ, ಯಾರ ಕೈಯವು ಎಂದು ಕೇಳಿದಳು. ಕಾಕಾ ಮೀಸೆ ತಿರುವಿಕೊಳ್ಳುತ್ತಾರೆಂದು ನಾನು ನೋಡುತ್ತಿದ್ದೆ.

"ನಮ್ಮಾಕಿ ಕೈಯವು ರೀ" ಎಂದರು ಕಾಕಾ.

ಕಾಕಿ ಎಡಗೈಯಿಂದ ಒಂದು ಸಕಿನಾಲು ಮುರಿದು ಬಾಯಿಗೆ ಹಾಕಿಕೊಂಡು, ಕಾಕಾನ ಕಡೆ ತಿರುಗಿದರು.

"ಎಳ್ಳು ಜಾಸ್ತಿ ಆಗ್ಯಾವ. ಮುಂದಿನ ಸಂಕ್ರಾಂತಿಗೆ ಕಮ್ಮಿ ಹಾಕೋಣ್ರಿ."